ಎಂಜಿನ್ ಜತೆ ಟ್ಯಾಂಕೂ ಬರಲಿ

ತೋಡಾರು, ಮಿಜಾರು, ಮೂಡುಬಿದಿರೆ, ವೇಣೂರು, ಬೆಳ್ತಂಗಡಿ, ಬಂಟ್ವಾಳ ಸೀಮೆಯ ಜೀಪು, ಜಿಪ್ಸಿ ಬಳಗದ ಗೆಳೆಯರಿಗೆ,



ಮಳೆ ಹಿಂದೆ ಸರಿದಿದೆ. ಇನ್ನು ತೋಟದ ದಾರಿಗಳು ಗಟ್ಟಿಯಾಗುತ್ತವೆ. ಅಡಿಕೆ, ರಬ್ಬರ್ ಹೊರುವ ಜೀಪುಗಳಿಗೆ ಕೆಲಸ ಸುರುವಾಗುತ್ತದೆ. ಭಾನುವಾರ ಬಂದರೆ ಹಳೆಯ ಕೆಂಪುಕಲ್ಲಿನ ಕೋರೆಗಳಲ್ಲಿ ಹುಡುಗರ ಜಿಪ್ಸಿಗಳು ಏರಿಳಿಯುತ್ತವೆ. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತು ಎಂಜಿನ್ ಬದಲಿಸಿಕೊಂಡ ಗಾಡಿಗಳು ಹೊರಗೆ ಬರುವ ಹೊತ್ತು ಇದು. ಅವು ಘಾಟಿ ಹತ್ತುವ ಮೊದಲು ನಿಮ್ಮೆಲ್ಲರಿಗೂ ಒಂದು ಮಾತು ಹೇಳಬೇಕೆಂದು ತೋಡಾರಿನ ಗ್ಯಾರೇಜಿನಲ್ಲಿ ಕುಳಿತು ಈ ಪತ್ರ ಬರೆಯುತ್ತಿದ್ದೇನೆ.

ಮಾತು ಫ್ಯೂಯೆಲ್ ಪ್ರೆಶರಿನದು. ಎಂಜಿನ್ ಬದಲಿಸುವಾಗ ನೀವು ಎಂಜಿನ್ ಮೌಂಟ್ ಬಗ್ಗೆ ವಾರಗಟ್ಟಲೆ ಚರ್ಚೆ ಮಾಡುತ್ತೀರಿ. ಗೇರ್‌ಬಾಕ್ಸ್ ಅಡಾಪ್ಟರ್, ಪ್ರೊಪೆಲ್ಲರ್ ಶಾಫ್ಟಿನ ಉದ್ದ, ರೇಡಿಯೇಟರ್, ಟಯರ್ ಎಲ್ಲಕ್ಕೂ ದುಡ್ಡು ಎತ್ತಿಡುತ್ತೀರಿ. ಟ್ಯಾಂಕಿನಿಂದ ಎಂಜಿನ್‌ವರೆಗೆ ಪೆಟ್ರೋಲ್ ಬರುವ ದಾರಿಯನ್ನು ಮಾತ್ರ ಕೊನೆಯ ದಿನದ ಸಂಜೆಗೆ ಬಿಡುತ್ತೀರಿ. ಸಿಕ್ಕಿದ ಪಂಪು, ಸಿಕ್ಕಿದ ಹೋಸು, ಹಳೆಯ ವೈರು. ಆಮೇಲೆ ಗಾಡಿ ಏರಿನಲ್ಲಿ ಕೈಕೊಟ್ಟರೆ ಎಂಜಿನ್ನಿನ ಕಂಪ್ಯೂಟರಾದ ಇಸಿಯು ಮೇಲೆ ಸಿಟ್ಟು.

ನಮ್ಮ ಕಡೆ ಜೀಪಿಗೆ ಬೇರೆ ಎಂಜಿನ್ ಇಳಿಸುವುದು ಇಂದಿನ ಶೋಕಿಯೇನಲ್ಲ. ಮಹೀಂದ್ರದವರು ವಿಲ್ಲಿಸ್ ಜೀಪನ್ನು ಇಲ್ಲಿ ಜೋಡಿಸಲು ತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಮುಂದೆ ಬಂದ ಸಿಜೆ-3ಬಿಯ 2.2 ಲೀಟರ್ ಹರಿಕೇನ್ ಪೆಟ್ರೋಲ್ ಎಂಜಿನ್ ಗಟ್ಟಿ ಆಳು, ಆದರೆ ಕುಡಿತ ಜಾಸ್ತಿ. ಪೆಟ್ರೋಲಿನ ಖರ್ಚು ತಾಳಲಾಗದೆ ತೋಟದವರು, ಸರ್ವೀಸ್ ಜೀಪಿನವರು ಅದನ್ನು ತೆಗೆದು ಪೂಜೋ ಡೀಸೆಲ್ ಇಳಿಸಿದರು, ಆಮೇಲೆ ಡಿಐ ಡೀಸೆಲ್ ಇಳಿಸಿದರು. ಆ ಬದಲಾವಣೆಗಳಲ್ಲಿ ಪ್ರೆಶರಿನ ತಲೆನೋವು ಅಷ್ಟಾಗಿ ಇರಲಿಲ್ಲ. ಕಾರಣ ಸರಳ. ಹಳೆಯ ಎಂಜಿನುಗಳು ತಮ್ಮ ಪಂಪನ್ನು ತಮ್ಮ ಮೈಮೇಲೇ ಹೊತ್ತು ಬರುತ್ತಿದ್ದವು. ಕಾರ್ಬ್ಯುರೇಟರ್ ಎಂಜಿನ್ನಿನ ಬದಿಯಲ್ಲಿ ಡಯಾಫ್ರಾಮ್ ಪಂಪು, ಡೀಸೆಲಿನ ಇಂಜೆಕ್ಷನ್ ಪಂಪಿಗೆ ಅಂಟಿಕೊಂಡೇ ಫೀಡ್ ಪಂಪು. ಎಂಜಿನ್ ಎತ್ತಿ ತಂದರೆ ಪಂಪೂ ಬಂದ ಹಾಗೆಯೇ.

ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಎಂಜಿನ್ ಹಾಗೆ ಬರುವುದಿಲ್ಲ. ಅದರ ಪಂಪು ಇರುವುದು ಟ್ಯಾಂಕಿನೊಳಗೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದಲೋ ಇನ್ನೆಲ್ಲಿಂದಲೋ ನೀವು ಎಂಜಿನ್, ವೈರಿಂಗ್, ಇಸಿಯು ಇಷ್ಟನ್ನೂ ಜೋಪಾನವಾಗಿ ಹೊತ್ತು ತರುವಾಗ, ಅದಕ್ಕೆ ಜೀವ ಕೊಡುತ್ತಿದ್ದ ಪಂಪು ಆ ಹಳೆಯ ಕಾರಿನ ಟ್ಯಾಂಕಿನಲ್ಲೇ ಉಳಿದುಬಿಡುತ್ತದೆ. ಜಿಪ್ಸಿಯನ್ನೇ ನೋಡಿ. 1985ರಲ್ಲಿ ಬಂದ ಎಂಜಿ410ಕ್ಕೆ 970 ಸಿಸಿಯ ಕಾರ್ಬ್ಯುರೇಟರ್ ಎಂಜಿನ್. 1996ರಲ್ಲಿ ಬಂದ ಜಿಪ್ಸಿ ಕಿಂಗಿಗೆ 1.3 ಲೀಟರ್, ಅದೂ ಮೊದಲಿಗೆ ಕಾರ್ಬ್ಯುರೇಟರೇ. 2000ದ ಹೊತ್ತಿಗೆ ಎಂಪಿಎಫ್‌ಐ ಬಂತು. ಹಳೆಯ ಎಂಜಿ410ಕ್ಕೆ ಈ 1.3 ಎಂಪಿಎಫ್‌ಐ ಇಳಿಸುವುದು, ಇಲ್ಲವೆ ಹಳೆಯ ಬಲೆನೊದ 1.6 ಇಳಿಸುವುದು ನಮ್ಮಲ್ಲಿ ಹೆಚ್ಚಾಗಿ ನಡೆಯುವ ಕೆಲಸ. ಮೊದಲಿದ್ದ ಕಾರ್ಬ್ಯುರೇಟರಿಗೆ ಬೇಕಿದ್ದದ್ದು 0.2ರಿಂದ 0.3 ಬಾರ್ ಒತ್ತಡ. ಹೊಸದಾಗಿ ಬಂದ ಎಂಜಿನ್ ಕೇಳುವುದು ಸುಮಾರು 2.5ರಿಂದ 3 ಬಾರ್. ಹತ್ತು ಪಟ್ಟು. ಅದೇ ಟ್ಯಾಂಕು, ಅದೇ ಪೈಪು, ಅದೇ ಹೋಸು ಇಟ್ಟುಕೊಂಡು ಹತ್ತು ಪಟ್ಟು ಒತ್ತಡ ಹಾಯಿಸುತ್ತೇವೆ ಅಂದರೆ ಅದು ಎಲ್ಲಾದರೂ ಒಂದು ಕಡೆ ಬಿಟ್ಟುಕೊಡಲೇಬೇಕು.

ವೇಣೂರಿನ ಕಡೆಯಿಂದ ಬಂದ ಒಂದು ಗಾಡಿಯ ವಿಷಯ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮಲ್ಲಿ ತುಂಬ ಮಂದಿಯ ಗಾಡಿಯ ಕಥೆಯೂ ಅದೇ. ಎಂಜಿ410, ಒಳಗೆ 1.3 ಎಂಪಿಎಫ್‌ಐ. ಸಮತಟ್ಟಿನಲ್ಲಿ ಚೆಂದ ಓಡುತ್ತದೆ. ಐಡ್ಲಿಂಗ್ ಗಡಿಯಾರದ ಹಾಗೆ. ಏರು ಬಂದು ಕಾಲು ಒತ್ತಿದರೆ ಮಿಸ್ಸಿಂಗ್, ಇನ್ನೂ ಒತ್ತಿದರೆ ಪಿಕಪ್ಪೇ ಇಲ್ಲ. ಅರ್ಧ ಗಂಟೆ ಏರಿನಲ್ಲಿ ದುಡಿದ ಮೇಲೆ ನಿಂತರೆ ಮತ್ತೆ ಸ್ಟಾರ್ಟ್ ಆಗಲು ಒಂದಷ್ಟು ಹೊತ್ತು ಕಾಯಬೇಕು. ಹುಡುಗ ಹೇಳಿದ್ದು ಹೀಗೆ: “ಅಣ್ಣಾ, ಪ್ಲಗ್, ಕಾಯಿಲ್ ಎಲ್ಲ ಹೊಸತು ಹಾಕಿದ್ದೇವೆ. ಇಂಜೆಕ್ಟರ್ ಕ್ಲೀನ್ ಮಾಡಿಸಿದ್ದೇವೆ. ಇನ್ನು ಇಸಿಯು ಬದಲಿಸುವುದೊಂದೇ ಬಾಕಿ.” ಸ್ಕ್ಯಾನರಿನಲ್ಲಿ ಪಿ0171 ಬರುತ್ತಿತ್ತು. ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಎಂದು ಎಂಜಿನ್ನೇ ಬಾಯಿಬಿಟ್ಟು ಹೇಳುತ್ತಿತ್ತು.

ಫಿಲ್ಟರಿಗೂ ಇಂಜೆಕ್ಟರ್ ರೈಲಿಗೂ ನಡುವೆ ಟಿ ಜಾಯಿಂಟ್ ಹಾಕಿ ಗೇಜ್ ಕೂರಿಸಿದೆವು. ಗ್ಲಿಸರಿನ್ ತುಂಬಿದ, 7 ಬಾರ್‌ವರೆಗಿನ ಸಾಧಾರಣ ಗೇಜು. ಅದರ ಹೋಸನ್ನು ಬಾನೆಟ್ಟಿನ ಹಿಂಬದಿಯ ಸಂದಿನಿಂದ ಹೊರಗೆ ತೆಗೆದು, ಗೇಜನ್ನು ಗಾಜಿನ ಹೊರಬದಿಯಲ್ಲಿ, ವೈಪರಿನ ಪಕ್ಕ, ಟೇಪು ಸುತ್ತಿ ಕಟ್ಟಿದೆವು. ಒಳಗೆ ಕುಳಿತವನಿಗೆ ಮುಳ್ಳು ಕಾಣಬೇಕು, ಆದರೆ ಪೆಟ್ರೋಲ್ ತುಂಬಿದ ಹೋಸು ಯಾವ ಕಾರಣಕ್ಕೂ ಕ್ಯಾಬಿನ್ನಿನೊಳಗೆ ಬರಬಾರದು. ಡ್ಯಾಶ್‌ಬೋರ್ಡಿನಲ್ಲೇ ಕಾಯಂ ಗೇಜ್ ಬೇಕೆನ್ನುವವರು ಸೆನ್ಸರ್ ಇರುವ ಎಲೆಕ್ಟ್ರಿಕ್ ಗೇಜನ್ನೇ ಹಾಕಬೇಕು.

ಐಡ್ಲಿಂಗಿನಲ್ಲಿ 2.4 ಬಾರ್ ತೋರಿಸಿತು. ಸರಿಯಾಗಿಯೇ ಇತ್ತು. ಹುಡುಗನಿಗೆ ಖುಷಿ, ಪಂಪು ಒಳ್ಳೆಯದುಂಟು ಅಂತ. ಏರಿಗೆ ಬಿಟ್ಟಾಗ ಮುಳ್ಳು 2ಕ್ಕೆ ಇಳಿಯಿತು, ಮತ್ತೆ 1.7ಕ್ಕೆ ಬಂತು. ಮಿಸ್ಸಿಂಗ್ ಸುರುವಾದದ್ದೂ ಆಗಲೇ.

ಇಲ್ಲಿ ಒಂದು ವಿಷಯ ನಿಮ್ಮೆಲ್ಲರಿಗೂ ಗೊತ್ತಿರಬೇಕು. ಇಂಜೆಕ್ಟರಿಗೆ ಒಂದು ಬದಿಯಲ್ಲಿ ಪೆಟ್ರೋಲಿನ ಒತ್ತಡ, ಇನ್ನೊಂದು ಬದಿಯಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನ ನಿರ್ವಾತ. ಈ ಎರಡರ ನಡುವಿನ ವ್ಯತ್ಯಾಸವೇ ಎಷ್ಟು ಪೆಟ್ರೋಲ್ ಚಿಮ್ಮಬೇಕೆಂದು ತೀರ್ಮಾನಿಸುವುದು. ಒತ್ತಡವನ್ನು ಹತೋಟಿಯಲ್ಲಿಡುವ ರೆಗ್ಯುಲೇಟರಿನ ತಲೆಗೆ ಮ್ಯಾನಿಫೋಲ್ಡಿನಿಂದ ಸಣ್ಣ ವ್ಯಾಕ್ಯೂಮ್ ಪೈಪು ಕೊಟ್ಟಿರುವುದು ಈ ವ್ಯತ್ಯಾಸ ಯಾವಾಗಲೂ ಒಂದೇ ಇರಲಿ ಎಂದು. ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡು ಸುಮಾರು 0.6 ಬಾರ್‌ನಷ್ಟು ಎಳೆಯುತ್ತಿರುತ್ತದೆ, ಆದ್ದರಿಂದ 3 ಬಾರಿನ ರೆಗ್ಯುಲೇಟರ್ ಇದ್ದರೆ ಗೇಜಿನಲ್ಲಿ 2.4 ಕಾಣುತ್ತದೆ. ಕಾಲು ಪೂರ್ತಿ ಒತ್ತಿದಾಗ ಆ ಎಳೆತ ಇಲ್ಲವಾಗುತ್ತದೆ, ಗೇಜು 3ಕ್ಕೆ ಏರಬೇಕು. ಏರಿನಲ್ಲಿ ಮುಳ್ಳು ಮೇಲೆ ಹೋಗುವುದೇ ಆರೋಗ್ಯದ ಲಕ್ಷಣ. ಮುಳ್ಳು ಇದ್ದಲ್ಲೇ ನಿಂತರೂ ಅನುಮಾನಪಡಿ, ಕೆಳಗಿಳಿದರೆ ಗಾಡಿ ತಿರುಗಿಸಿ ಮನೆಗೆ ಬನ್ನಿ.

3 ಇರಬೇಕಾದಲ್ಲಿ 1.7 ಇದ್ದರೆ ನಷ್ಟ ಎಷ್ಟು? ಇಂಜೆಕ್ಟರಿನಿಂದ ಹೊರಬೀಳುವ ಪೆಟ್ರೋಲ್ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. ಲೆಕ್ಕ ಹಾಕಿದರೆ ಕಾಲು ಭಾಗ ಪೆಟ್ರೋಲ್ ಕಡಿಮೆ. ಸಮತಟ್ಟಿನಲ್ಲಿ ನಿಧಾನ ಓಡುವಾಗ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಇಂಜೆಕ್ಟರನ್ನು ಸ್ವಲ್ಪ ಹೆಚ್ಚು ಹೊತ್ತು ತೆರೆದಿಟ್ಟು ಕೊರತೆ ತುಂಬುತ್ತದೆ. ಅದಕ್ಕೇ ರೋಗ ಅಡಗಿರುವುದು. ಕಾಲು ಪೂರ್ತಿ ಒತ್ತಿದಾಗ ಇಸಿಯು ಸೆನ್ಸರಿನ ಮಾತು ಬಿಟ್ಟು ತನ್ನೊಳಗಿನ ಲೆಕ್ಕದಂತೆ ನಡೆಯುತ್ತದೆ, ಆ ಲೆಕ್ಕ 3 ಬಾರ್ ಇದೆ ಎಂದು ನಂಬಿರುತ್ತದೆ. ಆಗ ಎಂಜಿನ್ ಬಡಿಯುತ್ತದೆ, ಬಿಸಿಯೇರುತ್ತದೆ. ಇದೇ ಸ್ಥಿತಿಯಲ್ಲಿ ಘಾಟಿ ಹತ್ತುತ್ತಾ ಹೋದರೆ ಪಿಸ್ಟನ್ನು, ವಾಲ್ವು ಸುಟ್ಟುಹೋಗುತ್ತವೆ.

ವೇಣೂರಿನ ಗಾಡಿಯಲ್ಲಿ ಕಂಡುಬಂದ ಮೊದಲ ತೊಂದರೆ ವೈರಿನದು. ಪಂಪಿಗೆ ಕರೆಂಟು ಕೊಟ್ಟದ್ದು ಹಿಂದಿನ ಯಾವುದೋ ಲೈಟಿನ ತೆಳ್ಳಗಿನ ವೈರಿನಿಂದ, ಅರ್ತ್ ಕೊಟ್ಟದ್ದು ತುಕ್ಕು ಹಿಡಿದ ಬಾಡಿಗೆ. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೆ ಪಂಪಿನ ತುದಿಯಲ್ಲಿ 10.5 ಕೂಡ ಇರಲಿಲ್ಲ. ಇಂಜೆಕ್ಷನ್ ಪಂಪು ಕೆಲವು ಆಂಪಿಯರ್ ಕರೆಂಟು ಎಳೆಯುತ್ತದೆ, ವೋಲ್ಟೇಜ್ ಬಿದ್ದರೆ ಅದರ ಹರಿವು ತೀರಾ ಬೀಳುತ್ತದೆ. ಕೈಯಲ್ಲಿ ಮುಟ್ಟಿದರೆ ಗುಂಯ್ ಅನ್ನುವ ಸದ್ದು ಇದ್ದೇ ಇರುತ್ತದೆ, ಅದನ್ನು ನಂಬಬೇಡಿ. ಮಲ್ಟಿಮೀಟರನ್ನು ಪಂಪಿನ ಎರಡು ಟರ್ಮಿನಲಿಗೇ ಇಟ್ಟು, ಎಂಜಿನ್ ಓಡುತ್ತಿರುವಾಗ ನೋಡಿ. ಬ್ಯಾಟರಿಗಿಂತ ಅರ್ಧ ವೋಲ್ಟಿಗೂ ಮಿಕ್ಕಿ ಕಡಿಮೆಯಿದ್ದರೆ ಹೊಸ ದಪ್ಪ ವೈರು, ಹೊಸ ರಿಲೇ, ಫ್ಯೂಸು ಹಾಕಿ, ಅರ್ತನ್ನು ಬಣ್ಣ ಕೆರೆದು ಚಾಸಿಗೆ ಗಟ್ಟಿಯಾಗಿ ಕೊಡಿ. ನಮ್ಮ ಕಡಲ ಸೀಮೆಯ ಮಳೆ, ತೇವದಲ್ಲಿ ಅರ್ತಿನ ಜಾಯಿಂಟು ಬೇಗ ಹಸಿರು ಕಟ್ಟುತ್ತದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಅದನ್ನು ಬಿಚ್ಚಿ ಉಜ್ಜಲೇಬೇಕು.

ವೈರು ಬದಲಿಸಿದ ಮೇಲೆ ಮುಳ್ಳು 3ರ ಹತ್ತಿರ ನಿಂತಿತು. ಆದರೆ ಕಡಿದಾದ ಏರಿನಲ್ಲಿ, ಅದರಲ್ಲೂ ಒಂದು ಬದಿಗೆ ವಾಲಿದಾಗ, ಮುಳ್ಳು ಒಮ್ಮೆಗೇ ಸೊನ್ನೆಯ ಕಡೆ ಬಿದ್ದು ಮತ್ತೆ ಏಳುತ್ತಿತ್ತು. ಇದು ಟ್ಯಾಂಕಿನ ತೊಂದರೆ. ಎಂಪಿಎಫ್‌ಐ ಗಾಡಿಯ ಟ್ಯಾಂಕಿನೊಳಗೆ ಪಂಪಿನ ಸುತ್ತ ಒಂದು ಬಟ್ಟಲೋ ತಡೆಗೋಡೆಯೋ ಇರುತ್ತದೆ, ಗಾಡಿ ವಾಲಿದರೂ ಪಂಪಿನ ಬಾಯಿ ಮುಳುಗಿಯೇ ಇರುತ್ತದೆ. ಕಾರ್ಬ್ಯುರೇಟರ್ ಗಾಡಿಯ ಹಳೆಯ ಟ್ಯಾಂಕಿನಲ್ಲಿ ಒಂದು ಎಳೆಯುವ ಕೊಳವೆ ಮಾತ್ರ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಒಂದಿಷ್ಟು ಪೆಟ್ರೋಲ್ ಯಾವಾಗಲೂ ಇರುವುದರಿಂದ ಕೊಳವೆ ಎರಡು ಕ್ಷಣ ಗಾಳಿ ಎಳೆದರೂ ಎಂಜಿನ್‌ಗೆ ತಿಳಿಯುತ್ತಿರಲಿಲ್ಲ. ಇಂಜೆಕ್ಷನ್ನಿಗೆ ಆ ಎರಡು ಕ್ಷಣದ ಗಾಳಿಯೂ ಆಗದು.

ಇದಕ್ಕೆ ಒಳ್ಳೆಯ ಮದ್ದು ಯಾವುದೆಂದು ಕೇಳಿದರೆ ನನ್ನ ಉತ್ತರ ಯಾವಾಗಲೂ ಒಂದೇ. ಎಂಜಿನ್ ಕೊಳ್ಳುವಾಗ ಅದೇ ಗಾಡಿಯ ಟ್ಯಾಂಕು, ಪಂಪು, ಲೋಹದ ಪೈಪು, ಫಿಲ್ಟರ್, ರೆಗ್ಯುಲೇಟರ್, ಪಂಪಿನ ರಿಲೇಯನ್ನೂ ಸೇರಿಸಿ ಕೊಳ್ಳಿ. ಎಂಜಿ410ಕ್ಕೆ 1.3 ಇಳಿಸುವವರಿಗೆ ಎಂಪಿಎಫ್‌ಐ ಜಿಪ್ಸಿಯದ್ದೇ ಟ್ಯಾಂಕು ಹುಡುಕಿದರೆ ಸಿಗುತ್ತದೆ. ಕೂರಿಸಲು ಬ್ರಾಕೆಟ್ಟು ಸ್ವಲ್ಪ ತಿದ್ದಬೇಕಾದೀತು, ಅಷ್ಟೇ. ಚಂದದ ಅಲಾಯ್ ವೀಲಿಗೆ ಹಾಕುವ ದುಡ್ಡಿನಲ್ಲಿ ಸಣ್ಣ ಪಾಲು ಇದಕ್ಕೆ ಸಾಕು.

ಟ್ಯಾಂಕು ಸಿಗದಿದ್ದರೆ, ಅಥವಾ ವಿಲ್ಲಿಸಿನಂಥ ಗಾಡಿಯಲ್ಲಿ ಬೇರೆ ಟ್ಯಾಂಕು ಕೂರದಿದ್ದರೆ, ಸರ್ಜ್ ಟ್ಯಾಂಕು ಹಾಕಬೇಕು. ಬಾವಿಯ ಪಂಪು ಯಾವಾಗಲಾದರೂ ನೀರು ಎತ್ತಲಿ, ನಲ್ಲಿಗೆ ಮಾತ್ರ ಮಾಡಿನ ಮೇಲಿನ ಟ್ಯಾಂಕಿನಿಂದ ಬಿಡದೆ ನೀರು ಬರುತ್ತದಲ್ಲ, ಅದೇ ಕ್ರಮ. ಒಂದೆರಡು ಲೀಟರಿನ ಸಣ್ಣ ಪಾತ್ರೆ. ಕಡಿಮೆ ಒತ್ತಡದ ಒಂದು ಪಂಪು ದೊಡ್ಡ ಟ್ಯಾಂಕಿನಿಂದ ಇದಕ್ಕೆ ತುಂಬಿಸುತ್ತಿರುತ್ತದೆ. ಹೆಚ್ಚಾದದ್ದು ಮೇಲಿನ ಬಾಯಿಯಿಂದ ದೊಡ್ಡ ಟ್ಯಾಂಕಿಗೇ ಮರಳುತ್ತದೆ. ಇಂಜೆಕ್ಷನ್ ಪಂಪು ಇದರ ತಳದಿಂದ ಎಳೆಯುತ್ತದೆ, ರೆಗ್ಯುಲೇಟರಿನ ರಿಟರ್ನ್ ಇದಕ್ಕೇ ಬಂದು ಬೀಳುತ್ತದೆ. ಮೇಲಿನ ಬಾಯಿಯ ರಿಟರ್ನನ್ನು ಮುಚ್ಚಿಬಿಟ್ಟವರನ್ನು ನೋಡಿದ್ದೇನೆ, ಹಾಗೆ ಮಾಡಬೇಡಿ. ಗಾಳಿ ಹೊರಹೋಗುವುದೂ ಅಲ್ಲಿಂದಲೇ, ಬಿಸಿ ಪೆಟ್ರೋಲ್ ದೊಡ್ಡ ಟ್ಯಾಂಕಿಗೆ ಹೋಗಿ ತಣಿಯುವುದೂ ಅಲ್ಲಿಂದಲೇ. ಈ ಪಾತ್ರೆಯನ್ನು ಸೀಟಿನ ಹಿಂದೆ ತೆರೆದಿಡುವುದು ತಪ್ಪು. ಕ್ಯಾಬಿನ್ನಿನ ಹೊರಗೆ ಇರಲಿ, ಒಳಗೇ ಇಡಬೇಕಾದರೆ ಸುತ್ತ ತಗಡಿನ ಪೆಟ್ಟಿಗೆ ಮುಚ್ಚಿ ಅದರ ಗಾಳಿ ಗಾಡಿಯ ಅಡಿಗೆ ಹೋಗುವಂತೆ ಮಾಡಿ.

ಹೊರಗೆ ಕೂರಿಸುವ ಇನ್‌ಲೈನ್ ಪಂಪುಗಳು ತಳ್ಳುವುದರಲ್ಲಿ ಜಾಣ, ಎಳೆಯುವುದರಲ್ಲಿ ದುರ್ಬಲ. ಅದನ್ನು ಬಾನೆಟ್ಟಿನ ಕೆಳಗೆ, ಎಂಜಿನ್ ಪಕ್ಕದಲ್ಲಿ ಕೂರಿಸುವವರಿದ್ದಾರೆ. ಅಲ್ಲಿಂದ ಟ್ಯಾಂಕಿನವರೆಗಿನ ಉದ್ದದ ಹೋಸಿನಲ್ಲಿ ಅದು ಎಳೆಯುವಾಗ ಒತ್ತಡ ಕುಸಿದು ಬಿಸಿ ಪೆಟ್ರೋಲ್ ಆವಿಯಾಗುತ್ತದೆ, ಪಂಪು ಬರಿದೇ ತಿರುಗುತ್ತದೆ. ಅರ್ಧ ಗಂಟೆ ದುಡಿದ ಮೇಲೆ ನಿಂತ ಗಾಡಿ ಸ್ಟಾರ್ಟ್ ಆಗದಿರುವುದಕ್ಕೆ ಇದೇ ಕಾರಣ. ಪಂಪು ಟ್ಯಾಂಕಿನ ಪಕ್ಕದಲ್ಲೇ, ಟ್ಯಾಂಕಿನ ತಳಕ್ಕಿಂತ ಕೆಳಗೆ ಅಥವಾ ಸಮನಾಗಿ ಇರಬೇಕು, ಕಲ್ಲು ತಾಗದಂತೆ ರಕ್ಷೆಯೂ ಬೇಕು. ಪಂಪಿಗೆ ಮೊದಲು ದಪ್ಪ ಜಾಲರಿಯ ಫಿಲ್ಟರ್, ಪಂಪಿನ ನಂತರ ಸಣ್ಣ ಜಾಲರಿಯ ಇಂಜೆಕ್ಷನ್ ಫಿಲ್ಟರ್. ಎರಡನ್ನೂ ಅದಲುಬದಲು ಮಾಡಿದರೆ ಪಂಪು ಉಸಿರುಗಟ್ಟಿ ಸಾಯುತ್ತದೆ.

ಪ್ರೆಶರ್ ಹೆಚ್ಚಾಗುವ ಗಾಡಿಗಳೂ ಬರುತ್ತವೆ. ಹೊಗೆ ಕಪ್ಪು, ಪ್ಲಗ್ ಕಪ್ಪು, ಪೆಟ್ರೋಲ್ ಖರ್ಚು ಎರಡು ಪಟ್ಟು. ಎಲ್ಲರೂ ರೆಗ್ಯುಲೇಟರ್ ಹಾಳೆಂದು ಬದಲಿಸುತ್ತಾರೆ, ಆದರೂ ಹೋಗುವುದಿಲ್ಲ. ನೋಡಿದರೆ ರಿಟರ್ನ್ ಲೈನು ಹಳೆಯ ಕಾರ್ಬ್ಯುರೇಟರಿನದ್ದು, ತೆಳ್ಳಗೆ, ಎಲ್ಲೋ ಮಡಚಿಕೊಂಡಿರುತ್ತದೆ. ಇಂಜೆಕ್ಷನ್ ಪಂಪು ಐಡ್ಲಿಂಗಿನಲ್ಲಿ ತಳ್ಳುವ ಪೆಟ್ರೋಲಿನ ಬಹುಪಾಲು ಹಿಂದಕ್ಕೇ ಹೋಗಬೇಕು. ಹಿಂದಿರುಗುವ ದಾರಿ ಇಕ್ಕಟ್ಟಾದರೆ ರೆಗ್ಯುಲೇಟರ್ ಏನು ಮಾಡೀತು? ಇನ್ನೊಂದು, ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪನ್ನು ಎಳೆದು ಮೂಸಿ ನೋಡಿ. ಅದರೊಳಗೆ ಪೆಟ್ರೋಲಿನ ಹಸಿ ಇದ್ದರೆ ಒಳಗಿನ ಡಯಾಫ್ರಾಮ್ ಹರಿದಿದೆ, ಎಂಜಿನ್ ಆ ಪೈಪಿನಿಂದ ನೇರವಾಗಿ ಪೆಟ್ರೋಲ್ ಕುಡಿಯುತ್ತಿದೆ.

ಈಚಿನ ಕೆಲವು ಎಂಜಿನ್‌ಗಳಿಗೆ ರಿಟರ್ನ್ ಲೈನೇ ಇಲ್ಲ. ರೆಗ್ಯುಲೇಟರ್ ಟ್ಯಾಂಕಿನೊಳಗೇ ಇರುತ್ತದೆ, ಒತ್ತಡ 3.5ರಿಂದ 4 ಬಾರ್‌ವರೆಗೂ ಇರಬಹುದು. ಅಂಥ ಎಂಜಿನ್‌ಗೆ ವ್ಯಾಕ್ಯೂಮ್ ಪೈಪಿರುವ ಹಳೆಯ ರೆಗ್ಯುಲೇಟರ್ ಹಾಕಿದರೆ ಇಸಿಯುವಿನ ಲೆಕ್ಕವೇ ತಪ್ಪುತ್ತದೆ. ಎಂಜಿನ್ ಕೊಳ್ಳುವ ಮೊದಲೇ ಅದು ಯಾವ ಜಾತಿಯದು ಎಂದು ಕೇಳಿ ತಿಳಿದುಕೊಳ್ಳಿ.

ಈಗ ಬೆಂಕಿಯ ವಿಷಯ. ಇಲ್ಲಿಯವರೆಗೆ ಹೇಳಿದ್ದೆಲ್ಲ ಗಾಡಿ ನಿಲ್ಲುವ ತೊಂದರೆ, ಇದು ಮನುಷ್ಯರು ಸಾಯುವ ತೊಂದರೆ. ಕಾರ್ಬ್ಯುರೇಟರಿನ ಹೋಸು ಬಿರುಕು ಬಿಟ್ಟರೆ ಪೆಟ್ರೋಲ್ ತೊಟ್ಟಿಕ್ಕುತ್ತದೆ. 3 ಬಾರಿನ ಹೋಸು ಬಿರುಕು ಬಿಟ್ಟರೆ ಅದು ಮಂಜಿನ ಹಾಗೆ ಚಿಮ್ಮುತ್ತದೆ, ಚಿಮ್ಮುವುದು ಕಾದ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಪಕ್ಕದಲ್ಲಿ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಕಪ್ಪು ರಬ್ಬರ್ ಹೋಸು ಇದಕ್ಕೆ ಆಗುವುದಿಲ್ಲ. ಹೋಸಿನ ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರಬೇಕು. ಆರ್7 ಇದ್ದರೆ ಅದು ಕಾರ್ಬ್ಯುರೇಟರಿಗೆ ಮಾತ್ರ. ಟ್ಯಾಂಕಿನೊಳಗೆ ಮುಳುಗಿರುವ ತುಂಡಿಗೆ ಆರ್10 ಬೇಕು, ಹೊರಗಿನ ಹೋಸನ್ನು ಒಳಗೆ ಹಾಕಿದರೆ ಅದು ಹೊರಮೈಯಿಂದ ಕರಗಿಹೋಗುತ್ತದೆ. ಲೋಹದ ಪೈಪಿನ ತುದಿ ಉಬ್ಬು ಮಾಡಿದ್ದಿರಬೇಕು, ಬೋಳು ತುದಿಗೆ ಎಷ್ಟು ಬಿಗಿದ ಕ್ಲಿಪ್ಪೂ ನಿಲ್ಲುವುದಿಲ್ಲ. ತೂತುಗಳಿರುವ ಪಟ್ಟಿಯ ಕ್ಲಿಪ್ಪು ಹೋಸನ್ನು ಕೊಯ್ಯುತ್ತದೆ, ಅಂಚು ಮಡಚಿದ ಇಂಜೆಕ್ಷನ್ ಕ್ಲಿಪ್ಪೇ ಹಾಕಿ.

ಇದಕ್ಕೆ ಎಥನಾಲ್ ಬೇರೆ ಸೇರಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಧನ ಸಪ್ತಾಹದಲ್ಲೇ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲನ್ನು ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ಅದೇ ಬರತೊಡಗಿತು. 1980, 90ರ ದಶಕದ ಗಾಡಿಗಳ ರಬ್ಬರಿಗೆ ಅದು ಒಗ್ಗುವುದಿಲ್ಲ, ಹೋಸು ಒಳಗಿನಿಂದ ಮೆತ್ತಗಾಗುತ್ತದೆ, ಒಣಗಿದರೆ ಬಿರಿಯುತ್ತದೆ. ಹಳೆಯ ಟ್ಯಾಂಕಿನ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೂತ ಕೊಳೆಯನ್ನು ಎಥನಾಲ್ ಸಡಿಲ ಮಾಡಿ ಫಿಲ್ಟರಿಗೆ ತಂದು ಹಾಕುತ್ತದೆ. ಪ್ರೆಶರ್ ಬೀಳಲು ಅದೂ ಒಂದು ಕಾರಣ. ಎಥನಾಲ್ ಇರುವ ಪೆಟ್ರೋಲಿಗೆ ಗಾಳಿಗೆ ಹೋಲಿಸಿದರೆ ಪ್ರಮಾಣವೂ ಹೆಚ್ಚು ಬೇಕು. ಅಂಚಿನಲ್ಲಿ ದುಡಿಯುತ್ತಿದ್ದ ಪಂಪು ಈಗ ಸಾಲದಾಗುತ್ತದೆ. ಮಳೆಗಾಲವಿಡೀ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಸೇರಿರುವ ಸಾಧ್ಯತೆಯೂ ಉಂಟು. ಮೊದಲು ತಳದಿಂದ ಸ್ವಲ್ಪ ತೆಗೆದು ಗಾಜಿನ ಬಾಟಲಿಯಲ್ಲಿಟ್ಟು ನೋಡಿ.

ಪಂಪಿನ ವೈರನ್ನು ನೇರವಾಗಿ ಇಗ್ನಿಶನ್ ಕೀಗೆ ಕೊಟ್ಟವರು ದಯವಿಟ್ಟು ಇವತ್ತೇ ಬಿಚ್ಚಿ. ಕಂಪನಿಯ ಗಾಡಿಯಲ್ಲಿ ಇಸಿಯು ಕೀ ತಿರುಗಿಸಿದಾಗ ಎರಡು ಮೂರು ಸೆಕೆಂಡು ಪಂಪು ಓಡಿಸಿ ನಿಲ್ಲಿಸುತ್ತದೆ. ಎಂಜಿನ್ ತಿರುಗುತ್ತಿದೆಯೆಂದು ಸೆನ್ಸರ್ ಹೇಳಿದರೆ ಮಾತ್ರ ಮತ್ತೆ ಓಡಿಸುತ್ತದೆ. ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಕೀಗೆ ನೇರವಾಗಿ ಕೊಟ್ಟರೆ ಗಾಡಿ ಕೋರೆಯಲ್ಲಿ ಮಗುಚಿ ಬಿದ್ದು, ಹೋಸು ಕಿತ್ತು, ಒಳಗೆ ಹುಡುಗ ಬೆಲ್ಟಿನಲ್ಲಿ ಸಿಕ್ಕಿಕೊಂಡಿರುವಾಗಲೂ ಪಂಪು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ರಿಲೇಯನ್ನು ಇಸಿಯುವಿಗೇ ಕೊಡಿ. ಪೆಟ್ಟು ಬಿದ್ದರೆ ತಾನೇ ಕಡಿದುಹೋಗುವ ಇನರ್ಶಿಯಾ ಸ್ವಿಚ್ಚು ಹಾಕಿ. ಡ್ರೈವರಿಗೂ ಹೊರಗೆ ನಿಂತವನಿಗೂ ಕೈಗೆ ಸಿಗುವ ಹಾಗೆ ಒಂದು ಕಟ್‌ಆಫ್ ಸ್ವಿಚ್ಚೂ ಇರಲಿ, 2 ಕಿಲೋದ ಪುಡಿಯ ಅಗ್ನಿಶಾಮಕವೂ ಇರಲಿ.

ಲೈನು ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಆಮೇಲೆ ಬ್ಯಾಟರಿಯ ಅರ್ತ್ ಬಿಚ್ಚಿ, ಜಾಯಿಂಟಿಗೆ ಬಟ್ಟೆ ಸುತ್ತಿ ನಿಧಾನ ಸಡಿಲಿಸಿ. ಮುಚ್ಚಿದ ಶೆಡ್ಡಿನೊಳಗೆ ಈ ಕೆಲಸ ಬೇಡ.

ಹರಿಕೇನ್ ಎಂಜಿನ್ನನ್ನೇ ಪ್ರೀತಿಯಿಂದ ಉಳಿಸಿಕೊಂಡಿರುವ ಹಿರಿಯರಿಗೆ ಇದರ ತಿರುಗಾಮುರುಗ ತೊಂದರೆ. ಡಯಾಫ್ರಾಮ್ ಪಂಪು ಹಾಳಾಯಿತೆಂದು ಕೈಗೆ ಸಿಕ್ಕ ಎಂಪಿಎಫ್‌ಐ ಪಂಪು ಹಾಕಿದರೆ ಕಾರ್ಬ್ಯುರೇಟರಿನ ನೀಡಲ್ ವಾಲ್ವಿಗೆ ಆ ಒತ್ತಡ ತಡೆಯಲು ಆಗುವುದಿಲ್ಲ. ಪೆಟ್ರೋಲ್ ಉಕ್ಕಿ ಸಿಲಿಂಡರಿಗೆ, ಅಲ್ಲಿಂದ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ಸ್ಟಾರ್ಟ್ ಮಾಡದೆ ಆಯಿಲ್ ಬದಲಿಸಿ, ಕಡಿಮೆ ಒತ್ತಡದ ಪಂಪೇ ಹಾಕಿ.

ಡೀಸೆಲಿನವರಿಗೆ ಹೇಳುವುದು ಒಂದೇ, ಆದರೆ ಅದು ಎಲ್ಲಕ್ಕಿಂತ ಮುಖ್ಯ. ಹಳೆಯ ಪೂಜೋ, ಡಿಐ ಎಂಜಿನ್‌ಗಳಲ್ಲಿ ಗಾಳಿ ತೆಗೆಯಲು ನಾವು ಇಂಜೆಕ್ಟರ್ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಯುತ್ತೇವೆ. ಕೈಗೆ ಅಂಟಿದ ರೂಢಿ ಅದು. ಈಚಿನ ಕಾಮನ್ ರೈಲ್ ಡೀಸೆಲ್, ಅಂದರೆ ಸಿಆರ್‌ಡಿಐ ಎಂಜಿನ್‌ಗೆ ಹಾಗೆ ಮಾಡಬಾರದು. ಅದರ ರೈಲಿನ ಒತ್ತಡ 1,000 ಬಾರ್ ದಾಟುತ್ತದೆ. ಕೂದಲೆಳೆಯ ಸಂದಿನಿಂದ ಚಿಮ್ಮಿದ ಡೀಸೆಲ್ ಕೈಗವಸನ್ನೂ ಚರ್ಮವನ್ನೂ ತೂರಿ ಮಾಂಸದೊಳಗೆ ಹೋಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ನೋವೂ ಮೊದಲಿಗೆ ಕಡಿಮೆ. ಅದನ್ನು ಕಡೆಗಣಿಸಿದರೆ ಬೆರಳೋ ಕೈಯೋ ಹೋಗುತ್ತದೆ. ಡೀಸೆಲ್ ಹಾಗೆ ಚುಚ್ಚಿದರೆ ಒಂದು ಗಂಟೆಯೂ ತಡಮಾಡದೆ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಹೊಕ್ಕಿದೆ ಎಂದು ಆ ಮಾತಿನಲ್ಲೇ ಡಾಕ್ಟರಿಗೆ ಹೇಳಿ. ಸೋರುವ ಜಾಗ ಹುಡುಕಲು ಬೆರಳು ಆಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ.

ಕಾನೂನಿನ ವಿಷಯವನ್ನೂ ಮುಚ್ಚಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡಿಗೆ ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಎಂಜಿನ್‌ಗೆ ಕೈ ಹಾಕುವ ಮೊದಲೇ ಆರ್‌ಟಿಒಗೆ ಹೋಗಿ ಯಾವುದಕ್ಕೆ ಅನುಮತಿ ಸಿಗುತ್ತದೆ, ಯಾವುದಕ್ಕೆ ಇಲ್ಲ ಎಂದು ಬರಹದಲ್ಲಿ ತಿಳಿದುಕೊಳ್ಳಿ. ಅನುಮತಿಯಿಲ್ಲದ ಎಂಜಿನ್ ಇರುವ ಗಾಡಿಯನ್ನು ರಸ್ತೆಗೆ ತಂದು ಅಪಘಾತವಾದರೆ ವಿಮೆಯವರು ಮೊದಲು ನೋಡುವುದು ಅದನ್ನೇ. ಸ್ವಂತ ಜಾಗದಲ್ಲಿ, ಒಪ್ಪಿಗೆ ಕೊಟ್ಟ ತೋಟದಲ್ಲಿ ಮಾತ್ರ ಓಡಿಸುವ ಗಾಡಿ ಅಲ್ಲಿಗೆ ಲಾರಿಯ ಮೇಲೆ ಹೋಗಲಿ. ಕುದುರೆಮುಖದ ಕಾಡಿನಂಚಿಗೆ ಅಂಥ ಗಾಡಿ ನುಗ್ಗಿಸುವುದನ್ನು ನಾನು ಒಪ್ಪುವುದಿಲ್ಲ.

ತೋಡಾರಿನಲ್ಲೇ ಯೆನೆಪೋಯ, ಪಕ್ಕದ ಮಿಜಾರಿನಲ್ಲಿ ಆಳ್ವಾಸ್, ಬಡಗಮಿಜಾರಿನಲ್ಲಿ ಎಂಐಟಿಇ, ಹೀಗೆ ಕೂಗಳತೆಯಲ್ಲಿ ಮೂರು ಎಂಜಿನಿಯರಿಂಗ್ ಕಾಲೇಜುಗಳು ನಮಗಿವೆ. ಅಲ್ಲಿ ಮೆಕ್ಯಾನಿಕಲ್ ಓದುವ ಮಕ್ಕಳಿಗೆ ನನ್ನದೊಂದು ವಿನಂತಿ. ಗುಜರಿಯಿಂದ ಬರುವ ಪಂಪುಗಳು 3 ಬಾರಿನಲ್ಲಿ ಒಂದು ನಿಮಿಷಕ್ಕೆ ಎಷ್ಟು ಹರಿಸುತ್ತವೆ, 12 ವೋಲ್ಟಿಗೆ ಎಷ್ಟು, 13.5ಕ್ಕೆ ಎಷ್ಟು ಎಂದು ಅಳೆದು ಕೊಡುವ ಒಂದು ಪರೀಕ್ಷಾ ಬೆಂಚು ನೀವು ಪ್ರಾಜೆಕ್ಟಾಗಿ ಮಾಡಬಹುದು. ಅಳೆಯಲು ಪೆಟ್ರೋಲ್ ಬೇಡ, ಬೇಗ ಹೊತ್ತಿಕೊಳ್ಳದ ಟೆಸ್ಟ್ ದ್ರವ ಸಿಗುತ್ತದೆ. ಈ ಸೀಮೆಯ ಗ್ಯಾರೇಜಿನವರಿಗೆ ಅಷ್ಟು ಉಪಕಾರವಾಗುವ ಇನ್ನೊಂದು ಪ್ರಾಜೆಕ್ಟು ನನಗೆ ಕಾಣುವುದಿಲ್ಲ. ಸೆನ್ಸರ್, ಗಾಡಿ, ಹಳೆಯ ಪಂಪು ಏನು ಬೇಕಾದರೂ ನಾವು ಒದಗಿಸುತ್ತೇವೆ.

ಕೊನೆಗೆ ಒಂದು ಕೆಲಸ. ಒಂದು ಸಣ್ಣ ಅಲ್ಯೂಮಿನಿಯಂ ತಗಡಿನ ಮೇಲೆ ನಿಮ್ಮ ಗಾಡಿಯ ವ್ಯಾಕ್ಯೂಮ್ ಪೈಪು ತೆಗೆದಾಗಿನ ಪ್ರೆಶರ್, ಐಡ್ಲಿಂಗಿನ ಪ್ರೆಶರ್, ಯಾವ ಗಾಡಿಯ ಪಂಪು, ಹೋಸು ಹಾಕಿದ ತಿಂಗಳು, ವರ್ಷ ಇಷ್ಟನ್ನು ಕೊರೆದು ಬಾನೆಟ್ಟಿನ ಒಳಬದಿಗೆ ರಿವೆಟ್ ಮಾಡಿ. ಕಳಸದಲ್ಲೋ ಕೊಟ್ಟಿಗೆಹಾರದಲ್ಲೋ ಗಾಡಿ ನಿಂತಾಗ ಅಲ್ಲಿನ ಮೆಕ್ಯಾನಿಕ್ ಅದನ್ನು ಓದಿಕೊಂಡು ಕೆಲಸ ಸುರುಮಾಡಬಲ್ಲ. ಗೇಜು ಇಲ್ಲದವರು ಭಾನುವಾರ ಬೆಳಿಗ್ಗೆ ಗಾಡಿ ತನ್ನಿ. ಟ್ಯಾಂಕು ಅರ್ಧ ತುಂಬಿರಲಿ, ಬ್ಯಾಟರಿ ಚಾರ್ಜ್ ಆಗಿರಲಿ, ಎಂಜಿನ್ ಯಾವ ಗಾಡಿಯದೆಂಬ ಕಾಗದ ಇದ್ದರೆ ಅದೂ ಬರಲಿ. ಅಳೆದು ಕೊಡುವುದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇಂತಿ ನಿಮ್ಮವ,
ತೋಡಾರಿನ ಒಬ್ಬ ಮೆಕ್ಯಾನಿಕ್